ಡಂಗುರದವ ಕೂಗಿದ ಹೆಸರು

"ಗುರುಗಳೇ, ಮರೆಯಲ್ಲಿ ಆಡಿದ ಮಾತನ್ನು ಬಯಲಿಗೆ ತಂದು ಪ್ರಯೋಜನವೇನು?" ಎಂದು ಶಿಷ್ಯ ಕೇಳಿದ. "ಆಡುವವರು ಇನ್ನೊಂದು ಮರೆ ಹುಡುಕಿಕೊಳ್ಳುತ್ತಾರೆ. ಕೇಳುವವರು ಅಲ್ಲಿಗೂ ಹೋಗಿ ಕಿವಿ ಕೊಡುತ್ತಾರೆ."

ಗುರುಗಳು ಈ ಕತೆ ಹೇಳಿದರು.

ಹೊಳೆಯ ದಂಡೆಯಲ್ಲಿ ಒಂದು ಊರು. ಊರಿನ ವ್ಯವಹಾರ ನೋಡಿಕೊಳ್ಳಲು ಐವರು ಪಂಚರು. ಅವರು ಸಂತೆಯ ದಿನ ಚಾವಡಿಯಲ್ಲಿ ಕೂಡುತ್ತಿದ್ದರು. ಯಾರು ಬೇಕಾದರೂ ಹೋಗಿ ಎದುರು ನಿಂತು ಮಾತಾಡಬಹುದಿತ್ತು. ಯಾರನ್ನೂ ತಡೆಯುತ್ತಿರಲಿಲ್ಲ.

ಆ ಊರಿನಲ್ಲಿ ಸಂಕವ್ವ ಎಂಬ ನೇಕಾರ ಹೆಂಗಸು ಇದ್ದಳು. ಗಂಡ ತೀರಿಕೊಂಡಿದ್ದ. ಮೈದುನನ ಜೊತೆ ಒಂದೇ ಮನೆಯಲ್ಲಿ ಮಗ್ಗ ನಡೆಸುತ್ತಿದ್ದಳು. ನೇಕಾರರ ಓಣಿಯಿಂದ ಸಿಹಿನೀರಿನ ಬಾವಿಗೆ ಒಂದು ಕಿರುದಾರಿ ಇತ್ತು. ಆ ದಾರಿಯ ಪಕ್ಕದಲ್ಲೇ ತೋಟಪ್ಪ ಎಂಬ ನೂಲಿನ ವರ್ತಕನ ಉಗ್ರಾಣ. ದಾರಿಯನ್ನು ಮುಚ್ಚಿ ಉಗ್ರಾಣಕ್ಕೆ ಸೇರಿಸುವ ಮಾತು ಎದ್ದಿತು. ಹಾಗಾದರೆ ಓಣಿಯ ಹೆಂಗಸರು ಕೊಡ ಹೊತ್ತು ಗುಡ್ಡ ಸುತ್ತಿ ಬರಬೇಕು. ಬಸುರಿಯರಿಗೂ ಮುದುಕಿಯರಿಗೂ ಹೊಳೆಯ ಕೆಸರುನೀರೇ ಗತಿ.

ಸಂಕವ್ವ ಚಾವಡಿಗೆ ಹೋದಳು. ಪಂಚರ ಎದುರು ನಿಂತು ತನಗೆ ತಿಳಿದ ಹಾಗೆ ಹೇಳಿದಳು. ಐವರೂ ಗಮನವಿಟ್ಟು ಕೇಳುವವರಂತೆ ತಲೆದೂಗಿದರು. ಅವಳಿಗೆ ಧೈರ್ಯ ಬಂತು. ಹೇಳುತ್ತಾ ಹೇಳುತ್ತಾ ಗಂಟಲು ಒಣಗಿ ಅವಳು ನಡುವೆ ಮಾತು ನಿಲ್ಲಿಸಿದಳು. ಚಾವಡಿ ನಿಶ್ಶಬ್ದವಾಯಿತು. ಐದು ತಲೆಗಳು ಮಾತ್ರ ತೂಗುತ್ತಲೇ ಇದ್ದವು.

ಅವಳು ಉಳಿದದ್ದನ್ನು ಹೇಳದೆ ಮನೆಗೆ ಬಂದಳು. ದಾರಿ ಮುಚ್ಚಬೇಕೆಂದು ಅದೇ ದಿನ ತೀರ್ಪಾಯಿತು.

ತೋಟಪ್ಪ ಮಧ್ಯಾಹ್ನದ ಹೊತ್ತು ಪಂಚರ ಮನೆಗಳ ಹಿತ್ತಲಿಗೆ ಹೋಗಿಬರುವುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಸಂಕವ್ವ ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದಳು.

"ಹೋಗಬೇಡಿ ಎಂದು ನಾವು ಯಾರಿಗೂ ಹೇಳುವುದು ಬೇಡ. ಹೋದವರು ಯಾರು, ಏನು ಕೇಳಿದರು, ಅದನ್ನು ಊರಿಗೆ ತಿಳಿಸಿ ಎನ್ನೋಣ. ಅಷ್ಟೇ."

ಪಂಚರು ಮೊದಲು ನಕ್ಕರು. ಆಮೇಲೆ ಸಿಟ್ಟಾದರು. ತೋಟಪ್ಪ ಅವಳ ಮನೆಗೆ ನೂಲು ಕೊಡುವುದನ್ನು ನಿಲ್ಲಿಸಿದ. ಮಗ್ಗ ನಿಂತಿತು. ಮೈದುನ ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟ. ಅವಳು ಕಂಡವರ ಮನೆಯ ಭತ್ತ ಕುಟ್ಟಿ ಹೊಟ್ಟೆ ಹೊರೆದಳು, ಮಾತು ಮಾತ್ರ ಬದಲಿಸಲಿಲ್ಲ.

ನಿಧಾನವಾಗಿ ಓಣಿ ಅವಳ ಜೊತೆ ನಿಂತಿತು. ಆಮೇಲೆ ಕುಂಬಾರರು, ಅಂಬಿಗರು. ಅವರು ಜಗಳಕ್ಕೆ ಹೋಗಲಿಲ್ಲ. ಚಾವಡಿಗೆ ಹೋಗುವುದನ್ನೇ ಬಿಟ್ಟರು. ಗೋಡೆಯ ವ್ಯಾಜ್ಯ, ಹೊಲದ ಬದುವಿನ ತಕರಾರು ಎಲ್ಲವನ್ನೂ ತಮ್ಮತಮ್ಮಲ್ಲೇ ಬಗೆಹರಿಸಿಕೊಂಡರು. ಪಂಚರು ಸಂತೆಯ ದಿನ ಬಂದು, ಬರಿದಾದ ಅಂಗಳ ನೋಡುತ್ತಾ ಕುಳಿತು, ಎದ್ದು ಹೋಗುತ್ತಿದ್ದರು. ಎದುರಿಗೆ ಜನವಿಲ್ಲದೆ ಪಂಚರೆನಿಸಿಕೊಳ್ಳುವುದು ಹೇಗೆ? ಕೊನೆಗೆ ಒಪ್ಪಿದರು.

ಹೊಸ ಕಟ್ಟಳೆ ಆಯಿತು. ಪಂಚರು ಕೂಡುವ ಮುಂಚೆ ಡಂಗುರದವ ಅವರನ್ನೇ ಕೇಳಿಕೊಂಡು ಬಂದು ಚಾವಡಿಯ ಮೆಟ್ಟಿಲ ಮೇಲೆ ನಿಂತು, ಯಾರ ಮನೆಗೆ ಯಾರು ಬಂದಿದ್ದರು, ಏನು ಕೇಳಿದರು ಎಂದು ಕೂಗಬೇಕು. ಮೊದಲ ಸಲ ಅವನು ಕೂಗಿದಾಗ ಊರೆಲ್ಲ ಸೇರಿತ್ತು. ಹಿರಿಯ ಪಂಚರ ಮನೆಗೆ ವರ್ತಕ ತೋಟಪ್ಪ. ಎರಡನೆಯವರ ಮನೆಗೆ ವರ್ತಕ ತೋಟಪ್ಪ. ಮೂರನೆಯವರ ಮನೆಗೂ ಅವನೇ. ಜನರ ನಡುವೆ ನಿಂತಿದ್ದ ತೋಟಪ್ಪ ತಲೆ ತಗ್ಗಿಸಿಕೊಂಡು ಹೋದ. ಬಾವಿಯ ದಾರಿಗೆ ಅಡ್ಡ ಹಾಕಿದ್ದ ಬೇಲಿಯನ್ನು ಪಂಚರೇ ತೆಗೆಸಿದರು.

ಆ ಮಳೆಗಾಲದಲ್ಲಿ ತೋಟಪ್ಪ ಜ್ವರ ಬಂದು ಸತ್ತ. ಹಗೆ ಇಟ್ಟುಕೊಳ್ಳಬಾರದೆಂದು ಸಂಕವ್ವ ಕೂಡ ಹೋಗಿ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿದಳು. ಅವನಿಗೆ ಹೆಂಡತಿ ಇದ್ದಳು, ಮಕ್ಕಳಿರಲಿಲ್ಲ. ಉಗ್ರಾಣದ ಬಾಗಿಲು ಮುಚ್ಚಿತು.

ಅಲ್ಲಿಂದಾಚೆಗೆ ಡಂಗುರದವ ಮೆಟ್ಟಿಲೇರಿ, "ಯಾರೂ ಬಂದಿಲ್ಲ" ಎಂದು ಕೂಗಿ ಇಳಿಯುತ್ತಿದ್ದ. ಜನಕ್ಕೆ ಸಮಾಧಾನವಾಯಿತು. ಊರು ತಿದ್ದಿಕೊಂಡಿತು ಎಂದುಕೊಂಡರು.

ಒಂದು ಸಂತೆಯ ದಿನ ಅವನು ಹಾಗೆಯೇ ಕೂಗಿ ಇಳಿದ. ಪಂಚರು ಕೂಡಿದರು. ಬಾವಿಯ ದಾರಿಯನ್ನು ಮತ್ತೆ ಮುಚ್ಚಬೇಕೆಂದು ತೀರ್ಪು ಕೊಟ್ಟರು.

ಜನ ಒಬ್ಬರ ಮುಖ ಒಬ್ಬರು ನೋಡಿದರು. ದಾರಿ ಮುಚ್ಚಿದರೆ ಈಗ ಯಾರಿಗೆ ಲಾಭ? ಉಗ್ರಾಣದಲ್ಲಿ ಇಲಿಗಳು ಬಿಟ್ಟರೆ ಏನೂ ಇರಲಿಲ್ಲ. ಡಂಗುರದವನೇ ಯಾರದೋ ಹೆಸರು ಮುಚ್ಚಿಟ್ಟಿದ್ದಾನೆ ಎಂದು ಕೆಲವರು ಅವನ ಕುತ್ತಿಗೆಗೆ ಕೈ ಹಾಕಿದರು. ಅವನು ಮಕ್ಕಳ ಮೇಲೆ ಆಣೆ ಇಟ್ಟ. ಸಂಕವ್ವ ಅವನನ್ನು ಬಿಡಿಸಿ ಕಳಿಸಿದಳು. ಮರುದಿನ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿರುವಾಗ, ಹಿರಿಯ ಪಂಚರ ಮನೆಯ ಹಿತ್ತಲಿಗೆ ತಾನೇ ಹೋದಳು.

ಹಿಂಬದಿಯ ಜಗಲಿಯ ಮೇಲೆ ಹಿರಿಯ ಪಂಚರು ಒಬ್ಬರೇ ಕುಳಿತಿದ್ದರು. ಅವರ ಎದುರಿಗೆ ಒಂದು ಮಣೆ ಹಾಕಿತ್ತು. ಮಣೆಯ ಮುಂದೆ ಒಂದು ಲೋಟ ಮಜ್ಜಿಗೆ ಇತ್ತು. ಅವರು ಮಣೆಯ ಕಡೆಗೆ ಬಾಗಿ ಕಿವಿಗೊಟ್ಟು ತಲೆದೂಗುತ್ತಿದ್ದರು. ಸಂಕವ್ವ ಆ ತಲೆದೂಗುವಿಕೆಯನ್ನು ಗುರುತು ಹಿಡಿದಳು.

"ಆಗಲಿ," ಎಂದರು ಹಿರಿಯರು ಮಣೆಗೆ. "ಹಾಗೆಯೇ ಮಾಡೋಣ."

"ಯಜಮಾನರೇ, ಯಾರ ಜೊತೆ ಮಾತು?" ಎಂದು ಸಂಕವ್ವ ಕೇಳಿದಳು.

ಹಿರಿಯರು ತಿರುಗಿ ನೋಡಿದರು. ಬೆಚ್ಚಲಿಲ್ಲ. "ತೋಟಪ್ಪ ಬಂದಿದ್ದಾನೆ, ತಂಗಿ."

"ತೋಟಪ್ಪನಿಗೆ ನಾನು ಮಣ್ಣು ಹಾಕಿ ಬಂದಿದ್ದೇನೆ."

"ನಾನೂ ಹಾಕಿದ್ದೇನೆ." ಅವರು ಬಹಳ ಹೊತ್ತು ಮಣೆಯನ್ನೇ ನೋಡಿದರು. "ಆದರೂ ಬರುತ್ತಾನೆ. ಬರಬೇಡ ಎನ್ನುವ ಧೈರ್ಯ ನನಗಿಲ್ಲ. ಅವನು ಬಾರದೆ ಇದ್ದರೆ ಚಾವಡಿಯಲ್ಲಿ ಏನು ಹೇಳಬೇಕೆಂದು ನನಗೆ ತಿಳಿಯುವುದಿಲ್ಲ. ಇಷ್ಟು ವರ್ಷ ಅವನು ಹೇಳಿದ್ದನ್ನೇ ಹೇಳಿದೆ. ನನ್ನದು ಎನ್ನುವ ಮಾತು ಎಲ್ಲಿ ಹೋಯಿತೋ ಗೊತ್ತಿಲ್ಲ."

ಸಂಕವ್ವ ಜಗಳವಾಡಲು ಬಂದಿದ್ದಳು. ಸಿಟ್ಟು ಹುಡುಕಿದರೂ ಸಿಗಲಿಲ್ಲ. ಭಯ ಮಾತ್ರ ಇತ್ತು. ಆ ಮುದುಕನನ್ನು ನೋಡಿ ಕನಿಕರವೂ ಆಯಿತು.

"ಹಾಗಾದರೆ ಕೂಗಿಸಿ," ಎಂದಳು. "ಬಂದವರ ಹೆಸರು ಕೂಗಬೇಕೆಂಬುದೇ ಕಟ್ಟಳೆ. ಬದುಕಿದ್ದವರ ಹೆಸರು ಮಾತ್ರ ಎಂದು ಅದರಲ್ಲಿ ಹೇಳಿಲ್ಲ."

ಮುಂದಿನ ಸಂತೆಯ ದಿನ ಡಂಗುರದವ ಮೆಟ್ಟಿಲೇರಿದ. ಡಂಗುರ ಬಡಿದ. "ಹಿರಿಯ ಪಂಚರ ಮನೆಗೆ ವರ್ತಕ ತೋಟಪ್ಪ ಬಂದಿದ್ದ," ಎಂದು ಕೂಗಿದ. "ಬಾವಿಯ ದಾರಿ ಮುಚ್ಚಬೇಕು ಎಂದು ಕೇಳಿದ."

ಆಗ ಎರಡನೆಯ ಪಂಚರು ನೆಲ ನೋಡುತ್ತಾ ಮೆಲ್ಲಗೆ, "ನಮ್ಮ ಮನೆಗೂ ಬಂದಿದ್ದ," ಎಂದರು. ಮೂರನೆಯವರು ಅದೇ ಮಾತು ಹೇಳಿದರು. ಉಳಿದ ಇಬ್ಬರೂ ಹೇಳಿದರು. ಮುಂದೆ ನಿಂತಿದ್ದ ಜನ ಹಿಂದೆ ಸರಿದರು. ಅಮ್ಮಂದಿರು ಮಕ್ಕಳನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ತೋಟಪ್ಪನ ಹೆಂಡತಿ ಗುಂಪಿನ ಕೊನೆಯಲ್ಲಿ ನಿಂತಿದ್ದಳು.

"ನಮ್ಮ ಮನೆಗೆ ಒಂದು ದಿನವೂ ಬಂದಿಲ್ಲ," ಎಂದಳು ಅವಳು.

ಸಂಕವ್ವ ಹೋಗಿ ಅವಳ ಕೈ ಹಿಡಿದುಕೊಂಡಳು.

ಹಿರಿಯ ಪಂಚರು ಎದ್ದರು. ಮೆಟ್ಟಿಲಿಳಿದು ಬಂದು ಜನರ ನಡುವೆ ನೆಲದ ಮೇಲೆ ಕುಳಿತರು. ಮತ್ತೆ ಅವರು ಮೇಲೆ ಹೋಗಲಿಲ್ಲ. ಉಳಿದ ನಾಲ್ವರು ತಮ್ಮ ಜಾಗ ಬಿಡಲಿಲ್ಲ. ಆದರೆ ಆ ದಿನ ಅವರ ಬಾಯಿಂದ ತೀರ್ಪು ಹೊರಡಲಿಲ್ಲ. ನೇಕಾರರ ಹೆಂಗಸರು ಕೊಡ ಹಿಡಿದು ಬಾವಿಯ ದಾರಿಯಲ್ಲೇ ಹೋದರು. ಯಾರೂ ಬೇಡವೆನ್ನಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಗುರುಗಳೇ, ನಾನು ಹೇಳಿದ್ದೂ ಅದೇ ಅಲ್ಲವೇ?" ಎಂದ ಶಿಷ್ಯ. "ಹಿತ್ತಲು ಬಯಲಾಯಿತು. ತೋಟಪ್ಪ ಅವರ ತಲೆಯೊಳಗೆ ಹೊಕ್ಕು ಕುಳಿತ. ಹೆಸರು ಕೂಗಿ ಏನು ಬಂತು?"

"ಹೆಸರು ಕೂಗದೆ ಇದ್ದಿದ್ದರೆ, ಆ ಮಣೆ ಖಾಲಿ ಇದೆ ಎಂದು ಯಾರಿಗೆ ತಿಳಿಯುತ್ತಿತ್ತು?" ಎಂದರು ಗುರುಗಳು.