ಅಧ್ಯಕ್ಷರ ಆರ್ಕಿಡ್

ಪತ್ರಿಕೆಗೆ ಕೈತೋಟದ ಅಂಕಣ ಬರೆಯುವ ಗುಮಾಸ್ತನೊಬ್ಬನಿದ್ದ. ಅವನು ನೆಟ್ಟ ಗಿಡ ಒಂದೂ ಬದುಕಿರಲಿಲ್ಲ. ಕಳ್ಳಿ ಕೂಡ ಅವನ ಆರೈಕೆ ತಾಳಲಾರದೆ ಒಣಗಿತ್ತು. ಅಂಥವನಿಗೂ ಮೈಸೂರಿನ ತೋಟ ಬರಹಗಾರರ ಸಮ್ಮೇಳನಕ್ಕೆ ಆಹ್ವಾನ ಬಂತು.

ಭಾಷಣಗಳು ಮುಗಿದ ಮೇಲೆ ಅಧ್ಯಕ್ಷ ಶೇಷಗಿರಿಯಪ್ಪನವರು ಎಲ್ಲರಿಗೂ ತಮ್ಮ ತೋಟ ತೋರಿಸಿದರು. ವರಾಂಡದ ಆರ್ಕಿಡ್ ಮುಂದೆ ನಿಂತು, "ಮೂರು ವರ್ಷದಿಂದ ಒಂದು ಹೂವೂ ಉದುರಿಲ್ಲ. ಎಲ್ಲಾ ನನ್ನ ಕೈಗುಣ! ಏನ್ರೀ ಅಂಕಣಕಾರರೇ, ಈ ವಾರ ಇದರ ಬಗ್ಗೆ ಬರೀಬೇಕು. ಇಲ್ಲದಿದ್ರೆ ಮುಂದಿನ ವರ್ಷ ನಿಮಗೆ ಆಹ್ವಾನ ಇಲ್ಲ" ಎಂದರು.

ಗುಮಾಸ್ತ ಬಗ್ಗಿ ನೋಡಿದ. ಹೂವಿನ ಮೇಲೆ ಧೂಳು ಕೂತಿತ್ತು. ಕುಂಡ ನೀರು ಕಂಡ ಗುರುತೇ ಇರಲಿಲ್ಲ.

"ಬರೀತೀನಿ ಸಾರ್. ಒಂದು ವಾರ ಕುಂಡ ನಮ್ಮನೇಲಿರಲಿ. ಜೀವ ಇರೋ ಗಿಡ ನನ್ನ ಕೈಲಿ ಎಂಟು ದಿನ ಉಳಿದಿದ್ದೇ ಇಲ್ಲ. ಇದು ಉಳಿದ್ರೆ, ಅದನ್ನೇ ಬರೀತೀನಿ."

ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. "ಬೇಡ ಬೇಡ! ತುಂಬಾ ನಾಜೂಕಿನ ಗಿಡ."

ಪಕ್ಕದಲ್ಲಿದ್ದ ಮಾಲಿಗೆ ಗುಮಾಸ್ತನನ್ನು ಕಂಡು ಕನಿಕರವಾಯಿತು. "ಹೆದರಬ್ಯಾಡಿ ಸ್ವಾಮಿ, ತಗೊಂಡೋಗಿ. ತಿಂಗಳಿಗೊಂದ್ಸಲ ಸೋಪಿನ ನೀರಲ್ಲಿ ಅದ್ದಿ ತೊಳೆದ್ರೆ ಸಾಕು."

ಗುಮಾಸ್ತ ಅಧ್ಯಕ್ಷರಿಗೆ ಕೈಮುಗಿದ. "ಅಂತೂ ನನ್ನ ಕೈಲೂ ಬದುಕೋ ಗಿಡ ಒಂದು ಸಿಕ್ಕಿತು ಸಾರ್!"