ಹುಳ ಓದಿಸಿದ ಶಾಸನ

ಕರಡಿಬೆಟ್ಟದ ಹಾಳು ಗುಡಿಯ ಮುಂದೆ ಒಂದು ಶಾಸನದ ಕಲ್ಲು ನಿಂತಿತ್ತು. ಒಂದು ಮಧ್ಯಾಹ್ನ ಅದರ ಬುಡದ ಸಗಣಿಯಿಂದ ಹುಳವೊಂದು ಎದ್ದು ಅಕ್ಷರಗಳ ಮೇಲೆ ಹತ್ತತೊಡಗಿತು.

“ಕೆಳಗಿಳಿ,” ಎಂದಿತು ಕಲ್ಲು. “ಇದು ದೊರೆಯ ಮಾತು.”

“ಏನಿದೆಯೆಂದು ಓದಿ ಹೇಳು, ಇಳಿಯುತ್ತೇನೆ.”

ಕಲ್ಲು ಓದಿತು: “ಕೆರೆಯ ಕೆಳಗಿನ ಗದ್ದೆಯನ್ನು ಈ ದೇವರ ನಂದಾದೀಪಕ್ಕೆ ಬಿಟ್ಟಿದ್ದೇನೆ. ಇದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಸಗಣಿಯಲ್ಲಿ ಹುಳವಾಗಿ ಹುಟ್ಟಲಿ.”

ಹುಳ ನಕ್ಕಿತು. “ಇಂಥ ಶಾಪಕ್ಕೆ ಹೆದರುವವರುಂಟೇ? ಯಾರಾದರೂ ಕಿತ್ತುಕೊಂಡರೋ?”

“ಕೊಟ್ಟವನೇ ಕಿತ್ತುಕೊಂಡ. ಮೂರನೆಯ ವರ್ಷ ಪೈರು ಸೊಂಪಾಗಿ ಬಂತು, ಅವನ ಕಣ್ಣು ಬಿತ್ತು. ಅಂದು ಆರಿದ ದೀಪ ಇಂದಿಗೂ ಹತ್ತಿಲ್ಲ.”

“ಎಂಥ ನೀಚ! ಅವನ ಹೆಸರೇನು?”

“ಸೋವಯ್ಯ ನಾಯಕ.”

“ಓ,” ಎಂದು ಹುಳ ಓಗೊಟ್ಟಿತು.

ತಾನೇಕೆ ಓಗೊಟ್ಟೆನೆಂದು ಹುಳಕ್ಕೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅದು ಮೆಲ್ಲಗೆ ಕೇಳಿತು: “ಎಷ್ಟು ವರ್ಷ ಕಳೆಯಿತು?”

“ಎಂಟು ನೂರು.”

“ತಪ್ಪೊಪ್ಪಿಕೊಂಡವನಿಗೆ ಕ್ಷಮೆಯುಂಟೆಂದು ಕೆಳಗೆಲ್ಲಾದರೂ ಕೆತ್ತಿದೆಯೇ?”

“ಶಿಲ್ಪಿ ಅದಕ್ಕೆಂದೇ ಒಂದು ಸಾಲಿನ ಜಾಗ ಬಿಟ್ಟಿದ್ದ, ದೊರೆ,” ಎಂದಿತು ಕಲ್ಲು. “ಅಲ್ಲಿ ತಾವು ತಮ್ಮ ಬಿರುದುಗಳನ್ನು ಕೆತ್ತಿಸಿದಿರಿ. ಇನ್ನು ಕೆಳಗಿಳಿಯಿರಿ.”