ಹಿಂದಕ್ಕೆಳೆದ ಕಾಲು

"ಗುರುಗಳೇ, ಪ್ರೀತಿಯಿಂದ ನಡೆದುಕೊಂಡವನಿಗೆ ತೃಪ್ತಿ ತಾನಾಗಿ ಬರುತ್ತದೆ ಎಂದು ನೀವೇ ಹೇಳಿದ್ದಿರಿ. ನಾನೂ ಹಾಗೇ ನಡೆದುಕೊಂಡು ನೋಡಿದೆ. ನನಗೇಕೆ ಬರಲಿಲ್ಲ?"

ಇನ್ನಾಸಪ್ಪ ಹೀಗೆ ಕೇಳಿದಾಗ ಗುರುಗಳು ಚರ್ಚಿನ ಪಕ್ಕದ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಇನ್ನಾಸಪ್ಪ ಅವರ ಬಳಿ, ಊರವರಿಗೆ ಧರ್ಮಪಾಠ ಹೇಳುವ ಉಪದೇಶಿಯ ಕೆಲಸ ಕಲಿಯಲು ಬಂದವನು. ಮೈಗಳ್ಳನಲ್ಲ, ಮನಸ್ಸೂ ಒಳ್ಳೆಯದು. ಆಗಷ್ಟೇ ಕೆರೆಯಲ್ಲಿ ಮಿಂದು ಬಂದಿದ್ದ, ತಲೆಗೂದಲು ಇನ್ನೂ ಒದ್ದೆಯಿತ್ತು.

"ಬೆಳಗಿನಿಂದ ಎಲ್ಲಿದ್ದೆ?" ಎಂದರು ಗುರುಗಳು.

"ಕೆಳಗಿನ ಬೀದಿಯಲ್ಲಿದ್ದೆ. ಸಗಾಯಮ್ಮನವರ ಗಂಡ ಹಾಸಿಗೆ ಹಿಡಿದಿದ್ದಾರಲ್ಲ, ಅವರಿಗೆ ಮೈ ತೊಳೆಸಿದೆ. ಹಾಸಿಗೆ ಬದಲಾಯಿಸಿದೆ. ಬಾವಿಯಿಂದ ನೀರು ಸೇದಿ ತುಂಬಿಸಿಟ್ಟೆ. ಆಯಮ್ಮ ಊಟ ಮಾಡಿಕೊಂಡು ಹೋಗಪ್ಪಾ ಎಂದರು. ಬೇಡ ಎಂದು ಎದ್ದು ಬಂದೆ. ಒಂದು ತೊಟ್ಟು ನೀರನ್ನೂ ಮುಟ್ಟಲಿಲ್ಲ. ಬಡವರಿಗೆ ನಾವು ಭಾರವಾಗಬಾರದಲ್ಲ?"

ಹೇಳುವಾಗ ಅವನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. ಕಂಬದ ಬುಡದಲ್ಲಿ ತಟ್ಟೆ ಮುಚ್ಚಿಟ್ಟ ಒಂದು ಬಟ್ಟಲಿತ್ತು, ಗುರುಗಳು ಅತ್ತ ಒಮ್ಮೆ ನೋಡಿದರು. ಇನ್ನಾಸಪ್ಪನೂ ನೋಡಿದ. ಗುರುಗಳ ಮಧ್ಯಾಹ್ನದ ಊಟವಿರಬೇಕು ಎಂದುಕೊಂಡ.

"ಕೂತುಕೋ. ಕೈ ಸುಮ್ಮನಿರುವುದು ಬೇಡ, ನೀನೂ ಸುಲಿ. ಸುಲಿಯುತ್ತಾ ಕೇಳು."

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಭಕ್ತ. ತೋರಿಕೆಯ ಭಕ್ತನಲ್ಲಪ್ಪ, ನಿಜವಾದ ಭಕ್ತ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಅವನನ್ನು ನೋಡಿ ನಗಬಾರದು. ಬೆಳಗಿನ ಪೂಜೆ ತಪ್ಪಿಸಿದವನಲ್ಲ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. ಕ್ರಿಸ್ಮಸ್ಸಿಗೆ ಬಟ್ಟೆ ಕೊಡುತ್ತಿದ್ದ. ಹೆರಿಗೆಯಾದ ಮನೆಗೆ ಬೆಲ್ಲ, ತುಪ್ಪ ಕಳಿಸುತ್ತಿದ್ದ. ಶನಿವಾರ ಬಂತೆಂದರೆ ಗಂಡ ಸತ್ತ ಹೆಂಗಸರಿಗೆ ಅಂಗಡಿಯ ಮುಂದೆ ತಾನೇ ನಿಂತು ಅಕ್ಕಿ ಅಳೆಯುತ್ತಿದ್ದ. ಅಳೆಯುವುದೂ ಹೇಗೆ? ಸೇರಿನ ಬಾಯಿ ದಾಟಿ ಅಕ್ಕಿ ಚೆಲ್ಲುವ ಹಾಗೆ.

ಆದರೆ ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಒಬ್ಬರ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದವನಲ್ಲ. ಅದನ್ನೇ ಅವನು ಪ್ರೀತಿ ಎಂದುಕೊಂಡಿದ್ದ.

ಅಕ್ಕಿಗೆ ಬರುತ್ತಿದ್ದವರಲ್ಲಿ ಒಬ್ಬ ಮುದುಕಿ. ಅವಳ ಹಿತ್ತಲಲ್ಲಿ ಒಂದು ನುಗ್ಗೆಮರವಿತ್ತು, ಅದನ್ನು ಬಿಟ್ಟರೆ ಅವಳದೆನ್ನುವುದು ಬೇರೇನೂ ಇರಲಿಲ್ಲ. ಒಂದು ಸಲ ಮರ ಚೆನ್ನಾಗಿ ಕಾಯಿ ಬಿಟ್ಟಿತು. ಎಳೆಯದು ನೋಡಿ ಆರಿಸಿ, ಬಾಳೆನಾರಿನಲ್ಲಿ ಕಟ್ಟು ಕಟ್ಟಿ, ವ್ಯಾಪಾರಿಯ ಮನೆಗೆ ತಂದಳು.

"ಅಯ್ಯೋ, ಇದೆಲ್ಲ ಯಾಕಮ್ಮಾ?" ಎಂದ ವ್ಯಾಪಾರಿ. "ನಮ್ಮ ಮನೆಯಲ್ಲಿ ಯಾವುದಕ್ಕೆ ಕಮ್ಮಿ? ತೆಗೆದುಕೊಂಡು ಹೋಗಿ, ನೀವೇ ಮಾಡಿಕೊಂಡು ತಿನ್ನಿ."

ನಗುನಗುತ್ತಲೇ ಹೇಳಿದ, ಪಾಪ. ಮೇಲೆ ಒಂದು ಅಚ್ಚು ಬೆಲ್ಲವನ್ನೂ ಅವಳ ಕೈಯಲ್ಲಿಟ್ಟ. ಮುದುಕಿ ಒಂದು ಕೈಯಲ್ಲಿ ಬೆಲ್ಲ, ಇನ್ನೊಂದು ಕೈಯಲ್ಲಿ ನುಗ್ಗೇಕಾಯಿ ಹಿಡಿದುಕೊಂಡು ಅದೇ ಬೀದಿಯಲ್ಲಿ ವಾಪಸು ಹೋದಳು. ಬೀದಿಯವರು ನೋಡಿದರು.

ಇಷ್ಟೆಲ್ಲ ಕೊಟ್ಟರೂ ವ್ಯಾಪಾರಿಗೆ ನೆಮ್ಮದಿಯಿರಲಿಲ್ಲ. ಅವನು ಬೀದಿಯಲ್ಲಿ ಬಂದರೆ ಜನ ಎದ್ದು ನಿಲ್ಲುತ್ತಿದ್ದರು, ಕೈ ಮುಗಿಯುತ್ತಿದ್ದರು, ಆಡುತ್ತಿದ್ದ ಮಾತು ಮಾತ್ರ ನಿಂತುಹೋಗುತ್ತಿತ್ತು. ಮಗುವಿಗೆ ದೀಕ್ಷಾಸ್ನಾನ ಕೊಡಿಸಿದ ಮನೆಯಲ್ಲಿ ಊರೆಲ್ಲ ಉಣ್ಣುತ್ತಿತ್ತು, ಅವನಿಗೆ ಕರೆ ಬರುತ್ತಿರಲಿಲ್ಲ. ಹೇಗೂ ಬಂದರೆ ಉಣ್ಣುವವನಲ್ಲ, ಯಾಕೆ ಕರೆಯುವುದು? ಅವನೋ ಇವರಿಗೆ ಉಪಕಾರದ ನೆನಪೇ ಇಲ್ಲ ಎಂದು ನೊಂದುಕೊಳ್ಳುತ್ತಿದ್ದ. ದೇವರ ಮುಂದೆ ಮೊಣಕಾಲೂರಿ, ಸ್ವಾಮಿ, ಇವರಿಗೆ ಇಷ್ಟು ಕೊಟ್ಟೆ, ಅವರಿಗೆ ಅಷ್ಟು ಕೊಟ್ಟೆ, ಇನ್ನೇನು ಮಾಡಲಿ ಎಂದು ಕೇಳುತ್ತಿದ್ದ. ದೇವರಾದರೂ ಏನು ಹೇಳಬೇಕು ಹೇಳು. ಇವನು ಮಾತು ಮುಗಿಸಿದರೆ ತಾನೇ?

ಅದೂ ಅಲ್ಲದೆ ಅವನ ಬಲಗಾಲಿನಲ್ಲಿ ಒಂದು ಹುಣ್ಣಿತ್ತು. ಬಹಳ ಕಾಲದ್ದು. ಮಾಯುವುದು, ಮತ್ತೆ ಒಡೆಯುವುದು. ವಾಸನೆ ಬರುತ್ತಿತ್ತು. ಅದನ್ನು ಯಾರಿಗೂ ತೋರಿಸಿದವನಲ್ಲ, ತಾನೇ ಬಟ್ಟೆ ಸುತ್ತಿಕೊಂಡು ಅದರ ಮೇಲೆ ಕಾಲುಚೀಲ ಹಾಕುತ್ತಿದ್ದ. ಎಲ್ಲರಿಗೂ ಕೊಡುವವನ ಕಾಲು ಕೊಳೆತಿದೆ ಎಂದು ಜನ ಆಡಿಕೊಂಡರೆ?

ಇನ್ನು ಆ ಊರಿನ ಪದ್ಧತಿ ಕೇಳು. ಪವಿತ್ರ ಗುರುವಾರ ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಪಾದ್ರಿಗಳು ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರಲ್ಲ, ಅದು ಎಲ್ಲ ಕಡೆಯೂ ಇದೆ. ಆ ಊರಿನಲ್ಲಿ ಅದಾದ ಮೇಲೆ ಜನರೂ ಒಬ್ಬರ ಕಾಲನ್ನು ಒಬ್ಬರು ತೊಳೆಯುತ್ತಿದ್ದರು. ಗೋಡೆಗೆ ಸೇರಿದಂತೆ ಬೆಂಚು ಹಾಕುವುದು, ಒಂದಷ್ಟು ಜನ ಕೂರುವುದು, ಇನ್ನೊಂದಷ್ಟು ಜನ ತಂಬಿಗೆ, ಬೋಗುಣಿ ಹಿಡಿದು ತೊಳೆಯುವುದು. ಬೆಂಚಿನಲ್ಲಿ ಕೂರುವವರು ಏನು ಮಾಡುತ್ತಿದ್ದರು ಗೊತ್ತೇ? ಮನೆಯಲ್ಲೇ ಸೀಗೆಪುಡಿ ಹಚ್ಚಿ, ಕಲ್ಲಿನಲ್ಲಿ ಹಿಮ್ಮಡಿ ತಿಕ್ಕಿ, ಫಳಫಳ ಹೊಳೆಸಿಕೊಂಡು ಬರುತ್ತಿದ್ದರು! ತೊಳೆದ ಕಾಲನ್ನೇ ತೊಳೆಯುವುದು. ನಗು, ಪರವಾಗಿಲ್ಲ. ನೀನೂ ಹಾಗೇ ಮಾಡುತ್ತೀ, ನಾನೂ ಹಾಗೇ ಮಾಡುತ್ತೇನೆ. ಕೊಳೆ ಕಾಲನ್ನು ಇನ್ನೊಬ್ಬರ ಕೈಗೆ ಕೊಡುವುದು ಅಷ್ಟು ಸುಲಭವಲ್ಲ.

ನಮ್ಮ ವ್ಯಾಪಾರಿಗೆ ಆ ಚಿಂತೆಯೇ ಇರಲಿಲ್ಲ. ಅವನು ಯಾವಾಗಲೂ ತೊಳೆಯುವವನು. ಎಲ್ಲರಿಗಿಂತ ಮೊದಲು ತಂಬಿಗೆ ಹಿಡಿಯುವವನು ಅವನೇ. ಕಡುಬಡವರನ್ನು ಹುಡುಕಿ, ಅವರ ಮುಂದೆ ಮಂಡಿಯೂರಿ, ಕಣ್ಣಲ್ಲಿ ನೀರು ತಂದುಕೊಂಡು ತೊಳೆಯುತ್ತಿದ್ದ. ಮುದುಕಿಯ ಕಾಲನ್ನೂ ತೊಳೆದಿದ್ದ.

ಆ ವರ್ಷ ಪಾದ್ರಿಗಳಿಗೆ ಏನನ್ನಿಸಿತೋ, ಹನ್ನೆರಡು ಮಂದಿಯ ಕಾಲು ತೊಳೆದು ಮುಗಿಸಿ, "ಈ ಸಲ ತೊಳೆಯುತ್ತಿದ್ದವರು ಕೂರಲಿ, ಕೂರುತ್ತಿದ್ದವರು ತೊಳೆಯಲಿ" ಎಂದುಬಿಟ್ಟರು.

ವ್ಯಾಪಾರಿ ಬಾಗಿಲ ಕಡೆ ನೋಡಿದ. ಎದ್ದು ಹೊರಗೆ ಹೋಗೋಣವೆಂದರೆ ಊರೆಲ್ಲ ನೋಡುತ್ತಿದೆ. ಬೇರೆ ದಾರಿ ಕಾಣದೆ ಬೆಂಚಿನ ತುದಿಯಲ್ಲಿ ಕೂತ. ಯಾರೂ ನನ್ನ ಹತ್ತಿರ ಬಾರದಿರಲಿ ಸ್ವಾಮಿ ಎಂದು ಬೇಡಿಕೊಂಡ. ಅವನು ದೇವರಲ್ಲಿ ಮನಸಾರೆ ಏನನ್ನಾದರೂ ಬೇಡಿದ್ದು ಅದೇ ಮೊದಲಿರಬೇಕು.

ಮುದುಕಿ ತಂಬಿಗೆ, ಅರ್ಧ ನೀರಿದ್ದ ಬೋಗುಣಿ ಹಿಡಿದು ಸೀದಾ ಅವನ ಮುಂದೆ ಬಂದು ಕೂತಳು. ಕಾಲುಚೀಲಕ್ಕೆ ಕೈ ಹಾಕಿದಳು. ಎಳೆದಳು. ಸುತ್ತಿದ ಬಟ್ಟೆಯೂ ಜೊತೆಗೇ ಬಂತು. ವಾಸನೆ ಹರಡಿತು. ಪಕ್ಕದಲ್ಲಿ ಕೂತವರು ಮುಖ ತಿರುಗಿಸಿದರು.

ವ್ಯಾಪಾರಿ ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡ. ಹಿಮ್ಮಡಿ ಬೋಗುಣಿಗೆ ತಗುಲಿ ನೀರೆಲ್ಲ ಮುದುಕಿಯ ಸೀರೆಯ ಮೇಲೆ ಚೆಲ್ಲಿತು. ಬೋಗುಣಿ ಉರುಳಿದ ಸದ್ದಿಗೆ ಹಾಡುತ್ತಿದ್ದವರೂ ಹಾಡು ನಿಲ್ಲಿಸಿದರು. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಬೇಡ ತಾಯಿ, ಬಿಟ್ಟುಬಿಡಿ" ಎಂದ.

ಮುದುಕಿ ಬೋಗುಣಿಯನ್ನು ನೆಟ್ಟಗೆ ಮಾಡಿ ಇಟ್ಟಳು.

"ನಾಚಿಕೆಯಾಗುತ್ತೆ, ಅಲ್ಲವೇ ಯಜಮಾನರೇ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಅಂಗಡಿಯ ಮುಂದೆ ಸೆರಗು ಒಡ್ಡುವಾಗ ಪ್ರತಿ ಶನಿವಾರ ನನಗೂ ಹೀಗೇ ಆಗುತ್ತೆ. ಆದರೂ ನಾನು ಸೆರಗು ಹಿಂದಕ್ಕೆ ಎಳೆದುಕೊಂಡಿಲ್ಲ."

ಎಷ್ಟು ಶನಿವಾರ ವ್ಯಾಪಾರಿ ಆ ಸೆರಗಿಗೆ ಅಕ್ಕಿ ಸುರಿದಿದ್ದ! ಒಂದು ದಿನವಾದರೂ ಅವಳ ಮುಖ ನೋಡಿರಲಿಲ್ಲ. ತನ್ನ ಕೈಯನ್ನೇ ನೋಡಿಕೊಂಡಿದ್ದ. ಈಗ ನೋಡಿದ. ಒದ್ದೆ ಸೀರೆಯಲ್ಲಿ ಕೂತು ಅವಳು ಕಾಯುತ್ತಿದ್ದಳು.

ಅವನು ಕಾಲು ಮುಂದೆ ಚಾಚಿದ. ಆಡುವವರು ಆಡಿಕೊಳ್ಳಲಿ ಎಂದು ಧೈರ್ಯ ಮಾಡಿ ಅಲ್ಲ, ಬೇರೇನೂ ಮಾಡಲು ತೋಚದೆ. ಅವಳು ಹುಣ್ಣಿನ ಸುತ್ತ ನೀರು ಬಿಟ್ಟು ಮೆಲ್ಲಗೆ ತೊಳೆದಳು. ಟವಲು ಒರಟಾಗಿತ್ತು. ಅದನ್ನು ಪಕ್ಕಕ್ಕಿಟ್ಟು, ಒದ್ದೆಯಾಗದೆ ಉಳಿದಿದ್ದ ಸೆರಗಿನ ತುದಿಯಿಂದ ಒರೆಸಿದಳು. ಅವನು ತಲೆ ತಗ್ಗಿಸಿಕೊಂಡು ಅತ್ತ. ಆ ಸಂಜೆ ದೇವರ ಮುಂದೆ ಹೇಳಿಕೊಳ್ಳಲು ಅವನ ಹತ್ತಿರ ಏನೂ ಇರಲಿಲ್ಲ. ಸುಮ್ಮನೆ ಮೊಣಕಾಲೂರಿದ, ಸುಮ್ಮನೆ ಎದ್ದು ಮನೆಗೆ ಹೋದ.

ಯೇಸುಸ್ವಾಮಿ ಎದ್ದುಬಂದ ಪಾಸ್ಕ ಹಬ್ಬದ ದಿನ ಅವನ ಮನೆಯಲ್ಲಿ ಅಡುಗೆಯ ಘಮಘಮ. ಅದನ್ನೆಲ್ಲ ಬಿಟ್ಟು, ಕುಂಟುತ್ತಾ ಮುದುಕಿಯ ಗುಡಿಸಲಿಗೆ ಹೋದ. ಹೊಸ್ತಿಲ ಹೊರಗೆ ನಿಂತ. ಒಳಗೆ ಹೋಗಲು ನಾಚಿಕೆ, ಹಿಂದಿರುಗಲು ಇನ್ನೂ ನಾಚಿಕೆ.

"ಹಸಿವಾಗಿದೆ ತಾಯಿ. ಏನಾದರೂ ಇದೆಯೇ?"

ಮುದುಕಿ ಗಾಬರಿಯಾದಳು. ಇದ್ದದ್ದು ಮುದ್ದೆ, ನುಗ್ಗೇಕಾಯಿ ಸಾರು. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಬೇರೆ ಸಂಕಟಪಟ್ಟಳು. ಅವನು ನೆಲದಲ್ಲಿ ಕೂತು ಉಂಡ. ಉಪ್ಪೇನೋ ನಿಜವಾಗಿಯೂ ಜಾಸ್ತಿಯಾಗಿತ್ತು. ಇನ್ನೊಂದು ಸೌಟು ಹಾಕಿ ಎಂದು ತಟ್ಟೆ ಮುಂದೆ ಹಿಡಿದ. ಬಡಿಸುವಾಗ ಅವಳ ಮುಖ ಹೇಗೆ ಅರಳಿತ್ತೆಂದರೆ, ಇಷ್ಟು ವರ್ಷ ಇವಳಿಂದ ನಾನು ಕಿತ್ತುಕೊಂಡದ್ದು ಇದನ್ನೇ ಎಂದು ಅವನಿಗೆ ಗೊತ್ತಾಯಿತು. ನೀರು ಕೇಳಿದ. ಅವಳು ಕೊಟ್ಟಳು. ಕುಡಿದ. ಉಂಡು ಎದ್ದಾಗ ಅವನ ಮನಸ್ಸಿಗೆ ಬೇರೇನೂ ಬೇಕಿರಲಿಲ್ಲ.

ಕಾಲಿನ ಹುಣ್ಣು ಮಾಯಿತೇ ಎಂದು ಕೇಳಬೇಡ, ನನಗೆ ಗೊತ್ತಿಲ್ಲ. ಮುಂದಿನ ದೀಕ್ಷಾಸ್ನಾನದ ಊಟಕ್ಕೆ ಅವನನ್ನು ಕರೆದರು. ಅದು ಗೊತ್ತು.

ಗುರುಗಳು ಸಿಪ್ಪೆಯನ್ನು ಒಂದು ಕಡೆ ಒಟ್ಟುಮಾಡಿದರು. ಇನ್ನಾಸಪ್ಪನ ಕೈ ಆಗಲೇ ನಿಂತುಹೋಗಿತ್ತು. ಅವನು ಕೇಳಿದ:

"ಹಾಗಾದರೆ ನಾನೀಗ ಏನು ಮಾಡಲಿ, ಗುರುಗಳೇ?"

ಗುರುಗಳು ಕಂಬದ ಬುಡದ ಬಟ್ಟಲನ್ನು ಅವನ ಮುಂದಕ್ಕೆ ಸರಿಸಿದರು.

"ನೀನು ಕೆರೆಯಲ್ಲಿ ಮೀಯುತ್ತಿದ್ದಾಗ ಸಗಾಯಮ್ಮ ಇದನ್ನು ಇಲ್ಲಿಯವರೆಗೂ ಹೊತ್ತು ತಂದಿಟ್ಟು, ‘ನನ್ನ ಕೈ ಅಡುಗೆ ಅಂದರೆ ಆ ತಮ್ಮನಿಗೆ ಹೇಸಿಗೆಯೇನೋ ಸ್ವಾಮಿ’ ಎಂದು ಕೇಳಿ ಹೋದಳು."

ಇನ್ನಾಸಪ್ಪ ತಲೆ ಎತ್ತಲಿಲ್ಲ.